ಮಂಗಳೂರಿನ ರೊಸಾರಿಯೊ ಚರ್ಚ್: ಬೋರ್ಡಿನಲ್ಲಿ 1568 ಅಂತಿದೆ, ಕಟ್ಟಡ ಅಷ್ಟು ಹಳೆಯದು ಅನಿಸುವುದಿಲ್ಲವಲ್ಲ?

ಕುಂದಾ_ಪ್ರಿಯ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಕುಂದಾಪುರದವನಲ್ಲ, ಬೆಳಗಾವಿ ಕುಂದಾ ಇಷ್ಟ ಅಂತ ಈ ಹೆಸರು ಇಟ್ಟುಕೊಂಡಿದ್ದೇನೆ. ಪ್ರತಿ ಸಲ ಯಾರಾದರೂ ಒಬ್ಬರು ಕೇಳುತ್ತಾರೆ.

ಹೋದ ತಿಂಗಳು ತಂಗಿಯ ಮಗನನ್ನು ಕಾಲೇಜಿಗೆ ಹಾಕಲು ಮಂಗಳೂರಿಗೆ ಹೋಗಿದ್ದೆ. ಜೊತೆಗೆ ಅವ್ವನೂ ಬಂದಿದ್ದಳು. ಕಾಲೇಜಿನ ಕೆಲಸ ಹನ್ನೊಂದಕ್ಕೇ ಮುಗಿಯಿತು, ವಾಪಸ್ ಬಸ್ ಇದ್ದದ್ದು ರಾತ್ರಿ. ಆ ಸೆಕೆಯಲ್ಲಿ ಅವ್ವನನ್ನು ಕರೆದುಕೊಂಡು ಎಲ್ಲಿ ಅಂತ ತಿರುಗೋದು ಅಂತ ನಿಂತಿದ್ದಾಗ ಆಟೋದವರೊಬ್ಬರು, ಬೋಳಾರದ ಕಡೆ ರೊಸಾರಿಯೊ ಚರ್ಚ್ ಇದೆ, ದೊಡ್ಡ ಗುಮ್ಮಟ ಇದೆ, ಒಳಗೆ ತಂಪಾಗಿರುತ್ತದೆ ಅಂದರು. ಹೋದೆವು. ಅವ್ವ ದಾರಿಯಲ್ಲಿ ಮಲ್ಲಿಗೆ ತಗೊಂಡಳು (ಅಲ್ಲಿ ಮೊಳದ ಲೆಕ್ಕ ಇಲ್ಲ, ಚೆಂಡಿನ ಲೆಕ್ಕ, ಅದಕ್ಕೇ ಹೂವಿನವಳ ಜೊತೆ ಹತ್ತು ನಿಮಿಷ ಚೌಕಾಶಿ). ಬಾಗಿಲಲ್ಲಿ ನಿಂತು "ಇಲ್ಲಿ ಕಾಯಿ ಒಡೆಸ್ತಾರೇನು?" ಅಂತ ಕೇಳಿದಳು. ಅಲ್ಲಿದ್ದ ಹಿರಿಯರೊಬ್ಬರು ನಕ್ಕು, ಕಾಯಿ ಇಲ್ಲಮ್ಮಾ, ಹೂವು ಇಡಬಹುದು ಅಂತ ಹೇಳಿ ಮಾತೆಯ ಮೂರ್ತಿ ಇರುವಲ್ಲಿಗೆ ಕರೆದುಕೊಂಡು ಹೋದರು.

ಈಗ ನನ್ನ ಪ್ರಶ್ನೆ. ಅಲ್ಲಿ 1568 ಅಂತ ಬರೆದಿದೆ. ಆದರೆ ಕಟ್ಟಡ ನೋಡಿದರೆ ನಮ್ಮೂರಿನ ದಂಡು ಪ್ರದೇಶ ಕ್ಯಾಂಪಿನಲ್ಲಿರುವ ಬ್ರಿಟಿಷರ ಕಾಲದ ಕಟ್ಟಡಗಳ ವಯಸ್ಸಿನದೇ ಅನಿಸುತ್ತದೆ. 450 ವರ್ಷದ ಗೋಡೆ ಅಂತೂ ಅಲ್ಲವೇ ಅಲ್ಲ. ಕೆಳಗೆ ಒಂದು ಕಲ್ಲು ಇಟ್ಟಿದ್ದಾರೆ, ಪೋರ್ಚುಗಲ್ ರಾಜನ ಲಾಂಛನ ಅಂತೆ. ಅದು ಮಾತ್ರ ನಿಜವಾಗಿ ಹಳೆಯದು ಅನಿಸಿತು. ಹಾಗಾದರೆ ಬೋರ್ಡ್ ಸುಳ್ಳಾ? ಇನ್ನೊಂದು, ಅಲ್ಲಿ ಪ್ರಾರ್ಥನೆಗೆ ಬಂದವರು ಮಾತಾಡುತ್ತಿದ್ದ ಕೊಂಕಣಿ ನಮ್ಮ ಖಾನಾಪುರ ಕಡೆಯವರ ಮಾತಿಗೆ ಹತ್ತಿರ ಇತ್ತು, ಅವ್ವನಿಗೂ ಅರ್ಧ ತಿಳಿಯಿತು. ಇವರೆಲ್ಲ ಗೋವಾದಿಂದ ಬಂದವರಾ? ಯಾವಾಗ, ಯಾಕೆ? ಪೋರ್ಚುಗೀಸರಿಂದ ತಪ್ಪಿಸಿಕೊಂಡು ಬಂದವರು ಅಂತ ಆಟೋದವರು ಹೇಳಿದರು, ಪೋರ್ಚುಗೀಸರೇ ಕರೆತಂದವರು ಅಂತ ವಾಟ್ಸಾಪಿನಲ್ಲಿದೆ. ಗೊತ್ತಿದ್ದವರು ಹೇಳಿ.


ಬೋಳಾರದ_ಅಳಿಯ, ಬೆಳಗಾವಿ ಕ್ಯಾಂಪ್

ನನ್ನ ಹೆಸರೇ ನೋಡಿ, ಇದಕ್ಕೆ ಉತ್ತರ ಕೊಡದೆ ಇದ್ದರೆ ಮನೆಯಲ್ಲಿ ಊಟ ಸಿಗುವುದಿಲ್ಲ.

ಬೋರ್ಡ್ ಸುಳ್ಳಲ್ಲ ಅಣ್ಣಾ. 1568 ಅನ್ನೋದು ಅಲ್ಲಿನ ಫಿರ್ಗಜಿನ ವರ್ಷ, ಈಗ ನಿಂತಿರುವ ಗೋಡೆಯ ವರ್ಷ ಅಲ್ಲ. ನಾವು ಕೊಂಕಣಿಯಲ್ಲಿ ಇಗರ್ಜ್ ಅಂದರೆ ಕಟ್ಟಡ, ಫಿರ್ಗಜ್ ಅಂದರೆ ಆ ಇಗರ್ಜಿಗೆ ಸೇರಿದ ಮನೆಗಳ ಗುಂಪು. ಫಿರ್ಗಜ್ 1568ರಿಂದ ಇದೆ, ಕಟ್ಟಡ ಮಾತ್ರ ಬದಲಾಗುತ್ತಾ ಬಂದಿದೆ. ಮೊದಲನೆಯದು ಪೋರ್ಚುಗೀಸರ ಕೋಟೆಯ ಒಳಗೆ ಇತ್ತು. 1784ರಲ್ಲಿ ಅದನ್ನು ಕೆಡವಿದರು. 19ನೇ ಶತಮಾನದ ಶುರುವಿನಲ್ಲಿ ಮತ್ತೆ ಕಟ್ಟಿದರು. ನೀವು ನೋಡಿದ ಗುಮ್ಮಟದ ಕಟ್ಟಡ 1910ರ ಸುಮಾರಿನದು. ನೀವು ಕ್ಯಾಂಪಿನ ಕಟ್ಟಡದ ವಯಸ್ಸು ಅಂದದ್ದು ಸರಿಯಾಗೇ ಇದೆ, ಕಣ್ಣು ಚುರುಕಿದೆ ನಿಮಗೆ.

ನಮ್ಮ ಮಾವನವರು ಅದನ್ನು ರೊಸಾರಿಯೊ ಅನ್ನುವುದೇ ಇಲ್ಲ, "ರುಜಾಯ್" ಅನ್ನುತ್ತಾರೆ. ಹಾಗೇ ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚ್ ಅವರಿಗೆ "ಮಿಲಾರ್". ಮದುವೆಯಾದ ಹೊಸದರಲ್ಲಿ "ಮಿಲಾರಿಗೆ ಹೋಗಿ ಬಾ" ಅಂದಾಗ ನಾನು ಯಾವುದೋ ಮಿಲ್ಲು ಅಂದುಕೊಂಡು ಹಿಟ್ಟಿನ ಡಬ್ಬಿ ಕೇಳಿದ್ದೆ. ಇಪ್ಪತ್ತು ವರ್ಷ ಆಯಿತು, ಇನ್ನೂ ಬಿಟ್ಟಿಲ್ಲ ಅವರು.

ಗುಮ್ಮಟದ ಮೇಲಿನ ಶಿಲುಬೆಗೆ ರಾತ್ರಿ ದೀಪ ಹಾಕುತ್ತಾರೆ. ಸಮುದ್ರದಲ್ಲಿ ದೂರದಿಂದ ಬರುವ ದೋಣಿಯವರಿಗೂ ಕಾಣುತ್ತದೆ ಅಂತ ಅಲ್ಲಿಯವರು ಹೇಳುತ್ತಾರೆ. ಮಾತೆಯ ಮೂರ್ತಿ ಮೀನುಗಾರರ ಬಲೆಗೆ ಸಿಕ್ಕಿದ್ದು ಅನ್ನುವ ಕಥೆಯನ್ನೂ ಕೇಳಿದ್ದೇನೆ. ಅದು ನಂಬಿಕೆಯ ಮಾತು, ಇಸವಿ ಹಾಕಿ ವಾದ ಮಾಡೋಕೆ ನಾನು ಹೋಗುವುದಿಲ್ಲ. ಬಂದರಿನ ಊರಲ್ಲಿ ದೇವರು ಸಮುದ್ರದಿಂದಲೇ ಬರಬೇಕಲ್ವಾ.

ಗೋವಾದಿಂದ ಯಾವಾಗ ಬಂದರು ಅನ್ನೋದನ್ನು ಗುಮ್ಮಟದೂರ ಮಾಸ್ತರು ಹೇಳಲಿ. ಅವರು ಈ ಪುಟ ನೋಡಿಯೇ ನೋಡುತ್ತಾರೆ.


ಗುಮ್ಮಟದೂರ_ಮಾಸ್ತರ, ವಿಜಯಪುರ

ನೋಡಿದೆ. ಬೆಳಿಗ್ಗೆ ಚಹಾ ಆರಿಹೋಯಿತು ಇದನ್ನು ಬರೆಯುತ್ತಾ.

ಮಂಗಳೂರಿನ ಚರ್ಚಿನ ಕಥೆ ಕೇಳುವವರು ಎಲ್ಲರೂ ಗೋವಾ ಕಡೆ ನೋಡುತ್ತಾರೆ. ನಾನು ಹೇಳುವುದು, ಸ್ವಲ್ಪ ನಮ್ಮ ಕಡೆಗೂ ನೋಡಿ ಅಂತ. 1568 ಅನ್ನೋ ಇಸವಿ ಯಾಕೆ? 1558 ಯಾಕಲ್ಲ? ಮಧ್ಯದಲ್ಲಿ 1565 ಇದೆ. ಆ ವರ್ಷ ಜನವರಿಯಲ್ಲಿ ನಮ್ಮ ಕೃಷ್ಣಾ ನದಿಯ ದಂಡೆಯಲ್ಲಿ ತಾಳಿಕೋಟೆ ಕದನ, ರಕ್ಕಸತಂಗಡಿ ಅಂತಲೂ ಕರೆಯುತ್ತೇವೆ, ನಡೆಯಿತು. ರಾಮರಾಯ ಸತ್ತ, ವಿಜಯನಗರ ಬಿತ್ತು. ಅಲ್ಲಿಯವರೆಗೆ ಕರಾವಳಿಯ ಸಣ್ಣ ಅರಸರ ಬೆನ್ನ ಹಿಂದೆ ದೊಡ್ಡ ಸಾಮ್ರಾಜ್ಯ ಒಂದಿತ್ತು, ಪೋರ್ಚುಗೀಸರೂ ಅದರ ಜೊತೆ ಕುದುರೆ ವ್ಯಾಪಾರ ಮಾಡಿಕೊಂಡು ಹೊಂದಿಕೊಂಡಿದ್ದರು. ಆ ಬೆನ್ನು ಮುರಿದ ಮೇಲೆ ಒಂದು ಕಡೆ ಕುದುರೆ ಕೊಳ್ಳುವವರು ಇಲ್ಲ, ಇನ್ನೊಂದು ಕಡೆ ತಡೆಯುವವರೂ ಇಲ್ಲ. ಮೂರೇ ವರ್ಷಕ್ಕೆ, 1568ರ ಶುರುವಿನಲ್ಲಿ, ಗೋವಾದ ವೈಸರಾಯ್ ಆಂಟಾವ್ ದೆ ನೊರೊನ್ಹಾ ಹಡಗು ತುಂಬ ಸೈನ್ಯ ತಂದು ಮಂಗಳೂರಲ್ಲಿ ಸಂತ ಸೆಬಾಸ್ಟಿಯನ್ ಹೆಸರಿನ ಕೋಟೆ ಕಟ್ಟಿಸಿದ. ನದಿಯ ಆಚೆ ದಡದಲ್ಲಿ ಉಳ್ಳಾಲ, ಅಬ್ಬಕ್ಕನ ಊರು. ಉಳ್ಳಾಲದವರು ಪೋರ್ಚುಗೀಸರನ್ನು ಅಲ್ಲಿ ಸುಮ್ನೆ ಇರೋಕೆ ಬಿಟ್ಟಿರಲಿಲ್ಲ, ಕೋಟೆ ಬೇಕಾದದ್ದು ಅದಕ್ಕೇ. ಕೋಟೆಯ ಒಳಗೆ ಚರ್ಚ್. ಬೋರ್ಡಿನ 1568 ಅದು. ಮರುವರ್ಷ ಹೊನ್ನಾವರ, ಬಸರೂರು ಕೂಡ ಅವರ ಕೈಗೆ ಹೋದವು.

ಬಸರೂರು, ಮಂಗಳೂರು ಅವರಿಗೆ ಯಾಕೆ ಬೇಕಿತ್ತು ಅಂದರೆ ಮೊದಲನೆಯದಾಗಿ ಅಕ್ಕಿಗೆ. ಗೋವಾದ ಹೊಟ್ಟೆ ತುಂಬುತ್ತಿದ್ದದ್ದು ಕೆನರಾದ, ಅಂದರೆ ಈ ಕರಾವಳಿಯ, ಅಕ್ಕಿಯಿಂದ. ಮೆಣಸು ಆಮೇಲೆ. ಪಾಠದ ಪುಸ್ತಕದಲ್ಲಿ ಮೆಣಸನ್ನು ಮಾತ್ರ ಬರೆಯುತ್ತಾರೆ, ಮಕ್ಕಳು ಪೋರ್ಚುಗೀಸರು ಬರೀ ಸಾರು ಕುಡಿಯೋಕೆ ಬಂದರು ಅಂದುಕೊಂಡಿರುತ್ತಾರೆ.

ಈಗ ಜನ ಎಲ್ಲಿಂದ ಬಂದರು ಅನ್ನೋ ಪ್ರಶ್ನೆ. ಕುಂದಾ ಪ್ರಿಯರೇ, ನೀವು ಕ್ಯಾಂಪಿನಲ್ಲಿರುವ ಅಸದ್ ಖಾನ್ ದರ್ಗಾ ಮುಂದೆ ದಿನಾ ಹೋಗುತ್ತಿರಬಹುದು. ಅಸದ್ ಖಾನ್ ಆದಿಲಶಾಹಿಗಳ ಕಡೆಯಿಂದ ಬೆಳಗಾವಿ ನೋಡಿಕೊಳ್ಳುತ್ತಿದ್ದ ಸರದಾರ, ನಿಮ್ಮ ಕೋಟೆಯ ಸಫಾ ಮಸೀದಿಯೂ ಅವನ ಹೆಸರಿನದೇ. 1540ರ ದಶಕದಲ್ಲಿ ಅವನು ಇಬ್ರಾಹಿಂ ಆದಿಲಶಾಹಿಯನ್ನು ಇಳಿಸಿ ರಾಜಮನೆತನದ ಇನ್ನೊಬ್ಬನನ್ನು ಕೂರಿಸಲು ಹೊರಟ. ಆ ಇನ್ನೊಬ್ಬ ಹೋಗಿ ಸೇರಿದ್ದು ಗೋವಾದಲ್ಲಿ, ಪೋರ್ಚುಗೀಸರ ಕೈಗೆ. ಅವನನ್ನು ನಮ್ಮ ಮೇಲೆ ಬಿಡಬೇಡಿ ಅಂತ ಇಬ್ರಾಹಿಂ ಕೊಟ್ಟ ಬೆಲೆ ಬಾರ್ದೇಸ್ ಮತ್ತು ಸಾಸಷ್ಟಿ, ಗೋವಾ ದ್ವೀಪದ ಉತ್ತರಕ್ಕೊಂದು ದಕ್ಷಿಣಕ್ಕೊಂದು ಸೀಮೆ. ಇದು 1543ರ ಮಾತು. ಮಂಗಳೂರಿನ ಕೊಂಕಣಿ ಕ್ರೈಸ್ತರ ಹಿರಿಯರು ಹೆಚ್ಚಾಗಿ ಬಂದದ್ದು ಈ ಎರಡು ಸೀಮೆಯ ಹಳ್ಳಿಗಳಿಂದ. ಬೆಳಗಾವಿಯಲ್ಲಿ ಕೂತು ಮಾಡಿದ ಒಂದು ಮಸಲತ್ತು ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

ಅವರು ಗೋವಾ ಬಿಟ್ಟು ಒಂದೇ ಸಲ ಬರಲಿಲ್ಲ, ಒಂದೇ ಕಾರಣಕ್ಕೂ ಬರಲಿಲ್ಲ. 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಶನ್ ಶುರುವಾಯಿತು. ಕ್ರೈಸ್ತರಾದ ಮೇಲೂ ಮನೆಯಲ್ಲಿ ಹಳೇ ಪದ್ಧತಿ ಇಟ್ಟುಕೊಂಡವರನ್ನು ವಿಚಾರಣೆಗೆ ಎಳೆಯುವ ನ್ಯಾಯಾಲಯ ಅದು. ಭಯ ಬಿದ್ದು ಕೆಲವರು ದಕ್ಷಿಣಕ್ಕೆ ಇಳಿದರು. 1570ರ ಕೊನೆಗೆ ನಮ್ಮ ವಿಜಯಪುರದ ಅಲಿ ಆದಿಲಶಾಹಿ ಗೋವಾಕ್ಕೆ ಮುತ್ತಿಗೆ ಹಾಕಿದ, ಮರುವರ್ಷದವರೆಗೂ ಬಿಡಲಿಲ್ಲ. ಗೆಲ್ಲಲಿಲ್ಲ, ಆದರೆ ಹೊಲ ಹಾಳಾದವು, ಜನ ಊರು ಬಿಟ್ಟರು. ಆಮೇಲೆ ಬರ, ಬೇನೆ. 1683ರಲ್ಲಿ ಸಂಭಾಜಿಯ ದಾಳಿ, 1739ರ ಸುಮಾರಿಗೆ ಮತ್ತೆ ಮರಾಠರು. ಪ್ರತಿ ಸಲ ಒಂದಷ್ಟು ಕುಟುಂಬ ಬಂದಿವೆ. ಕೆಳದಿಯ ನಾಯಕರು ಬೇಸಾಯ ಬಲ್ಲವರು ಅಂತ ಅವರಿಗೆ ಭೂಮಿ ಕೊಟ್ಟು ಕೂರಿಸಿಕೊಂಡರು. ಹಾಗಾಗಿ "ಪೋರ್ಚುಗೀಸರು ಕರೆತಂದವರು" ಅನ್ನುವ ಮಾತು ಅರ್ಧ ಮಾತ್ರ ಸರಿ. ಬಹಳ ಮಂದಿ ಪೋರ್ಚುಗೀಸರ ಆಳ್ವಿಕೆಯಿಂದ ತಪ್ಪಿಸಿಕೊಂಡು ಬಂದವರು.


ಮಲಪ್ರಭಾ_ತೀರ, ಬಾಗಲಕೋಟೆ

ನಾವೂ ಶಾಲೆಯ ಪ್ರವಾಸದಲ್ಲಿ ಈ ಚರ್ಚ್ ನೋಡಿದ್ದೇವೆ. ಒಳಗೆ ಗೋಡೆ, ಮಾಡು, ಕಮಾನು ಎಲ್ಲಾ ಕಡೆ ಬಣ್ಣದ ಚಿತ್ರ. ಇಟಲಿಯವನೊಬ್ಬ ಮಾಡಿದ್ದಂತೆ. ತುಂಬಾ ಚೆಂದ ಇದೆ.


ಬೋಳಾರದ_ಅಳಿಯ, ಬೆಳಗಾವಿ ಕ್ಯಾಂಪ್

ಅಕ್ಕಾ, ಅದು ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್, ಲೈಟ್‌ಹೌಸ್ ಹಿಲ್ ಮೇಲಿದೆ. ಚಿತ್ರ ಮಾಡಿದವರು ಆಂಟೋನಿಯೊ ಮೊಸ್ಕೇನಿ, ಇಟಲಿಯ ಬೆರ್ಗಮೊ ಕಡೆಯವರು. 1899ರಿಂದ 1901ರವರೆಗೆ ಅಟ್ಟಣಿಗೆ ಕಟ್ಟಿಕೊಂಡು ಮಾಡಿದರು. ಆಮೇಲೆ ಕೊಚ್ಚಿಗೆ ಹೋದರು, 1905ರಲ್ಲಿ ಅಲ್ಲೇ ತೀರಿಕೊಂಡರು. ಪ್ರವಾಸದ ಬಸ್ಸುಗಳು ಹೆಚ್ಚಾಗಿ ಅಲ್ಲಿಗೇ ಹೋಗುವುದರಿಂದ ಎಲ್ಲರೂ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ರುಜಾಯ್ ಒಳಗೆ ಅಷ್ಟು ಬಣ್ಣ ಇಲ್ಲ. ಅದರ ಚೆಂದ ಏನಿದ್ದರೂ ತಲೆ ಎತ್ತಿ ಗುಮ್ಮಟದ ಒಳಮೈ ನೋಡಿದಾಗ.


ನೇರ_ಮಾತು, ವಿಜಯಪುರ

ಎಲ್ಲಾ ಸರಿ, ಆದರೆ "1784ರಲ್ಲಿ ಕೆಡವಿದರು" ಅಂತ ಯಾರು ಅನ್ನೋದನ್ನು ನುಂಗಿಬಿಟ್ಟಿರಲ್ಲ ಅಳಿಯಂದಿರೇ? ಟಿಪ್ಪು ಹೆಸರು ಹೇಳೋಕೆ ಭಯವಾ? ಅಥವಾ ಕೆಡವಿದ್ದೇ ಸುಳ್ಳು, ಬ್ರಿಟಿಷರು ಬರೆದ ಕಥೆ ಅಂತ ಇನ್ನೊಂದು ಗುಂಪು ಹೇಳುತ್ತದಲ್ಲ, ಅದು ಸರಿಯಾ? ಒಂದು ಕಡೆ ನಿಂತು ಹೇಳಿ.


ಗುಮ್ಮಟದೂರ_ಮಾಸ್ತರ, ವಿಜಯಪುರ

ತಮ್ಮಾ, ನಿಲ್ಲೋಕೆ ಕಡೆ ಹುಡುಕಿದರೆ ಇತಿಹಾಸ ಓದಿದ ಹಾಗೆ ಆಗುವುದಿಲ್ಲ. ಆದರೂ ನೀನು ಕೇಳಿದ್ದಕ್ಕೆ ನೇರವಾಗಿ ಹೇಳುತ್ತೇನೆ. ಟಿಪ್ಪು ಕೆಡವಿಸಿದ್ದು ನಿಜ. ರೊಸಾರಿಯೊ, ಮಿಲಾಗ್ರಿಸ್ ಎರಡೂ ಹೋದವು, ಕೆನರಾದ ಇನ್ನೂ ಬಹಳಷ್ಟು ಚರ್ಚುಗಳು ಹೋದವು. ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದೂ ನಿಜ. ಅದು 1784ರ ಫೆಬ್ರವರಿಯಲ್ಲಿ, ಅವರ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ, ಅಂತ ಅವರ ಸಮಾಜ ನೆನಪಿಟ್ಟುಕೊಂಡಿದೆ. ಎಷ್ಟು ಜನ ಅನ್ನುವುದರಲ್ಲಿ ಮಾತ್ರ ಲೆಕ್ಕ ಕೂಡುವುದಿಲ್ಲ. 30,000 ಅನ್ನುವವರಿದ್ದಾರೆ, 60,000 ಅನ್ನುವವರಿದ್ದಾರೆ, ಅದಕ್ಕೂ ಜಾಸ್ತಿ ಹೇಳುವವರೂ ಇದ್ದಾರೆ. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಬಹಳ.

ಹಿನ್ನೆಲೆ ಏನು ಅಂದರೆ, 1783ರಲ್ಲಿ ಇಂಗ್ಲಿಷ್ ಜನರಲ್ ಮ್ಯಾಥ್ಯೂಸ್ ಮಂಗಳೂರು ಹಿಡಿದ. ಟಿಪ್ಪು ಬಂದು ಕೋಟೆಗೆ ಮುತ್ತಿಗೆ ಹಾಕಿ, ತಿಂಗಳುಗಟ್ಟಲೆ ಕಾದು, 1784ರ ಜನವರಿಯಲ್ಲಿ ವಾಪಸ್ ತಗೊಂಡ. ಕ್ರೈಸ್ತರು ಇಂಗ್ಲಿಷರಿಗೆ ಸಹಾಯ ಮಾಡಿದರು ಅನ್ನುವುದು ಅವನ ಸಿಟ್ಟು. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ ಆಯಿತು, ಆದರೆ ಜನ ಆಗಲೇ ಸೆರೆ ಸಿಕ್ಕಿದ್ದರು. ಯುದ್ಧದ ಸಿಟ್ಟು ಅಂದ ಮಾತ್ರಕ್ಕೆ ಊರೂರೇ ಖಾಲಿ ಮಾಡಿಸಿದ್ದು ಸಣ್ಣದಾಗುವುದಿಲ್ಲ. ಹಾಗೆಯೇ ಇದೇ ಟಿಪ್ಪು 1791ರಲ್ಲಿ ಮರಾಠಾ ಸೈನ್ಯ ಲೂಟಿ ಮಾಡಿದ ಶೃಂಗೇರಿ ಮಠಕ್ಕೆ ನೆರವು ಕಳಿಸಿದ್ದೂ ಸುಳ್ಳಾಗುವುದಿಲ್ಲ. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳೋಕೆ ಆಗದಿದ್ದರೆ ಕಷ್ಟ.

ಇನ್ನೊಂದು ಮಾತು. ಪೋರ್ಚುಗೀಸರು ಆ ಹೊತ್ತಿಗೆ ಮಂಗಳೂರಿನ ದೊರೆಗಳಾಗಿ ಇರಲೇ ಇಲ್ಲ. ಕೆಳದಿಯ ಶಿವಪ್ಪ ನಾಯಕ 1650ರ ದಶಕದಲ್ಲೇ ಅವರನ್ನು ಕೋಟೆಯಿಂದ ಹೊರಗೆ ಹಾಕಿದ್ದ. ಆಮೇಲೆ ಅವರಿಗೆ ಉಳಿದದ್ದು ವ್ಯಾಪಾರದ ಕೋಠಿ ಅಷ್ಟೇ. ಅಂದರೆ ಆಟೋದವರ ಕಥೆಯೂ ಸರಿ, ವಾಟ್ಸಾಪಿನ ಅರ್ಧವೂ ಸರಿ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಉಳಿದವರು ವಾಪಸ್ ಬಂದರು. ಕೆಲವರು ಅದಕ್ಕೂ ಮೊದಲೇ ತಪ್ಪಿಸಿಕೊಂಡು ಕೊಡಗಿಗೆ ಹೋಗಿದ್ದರು. ದೊಡ್ಡ ವೀರರಾಜೇಂದ್ರ ಅವರಿಗೆ ವಿರಾಜಪೇಟೆಯಲ್ಲಿ ಜಾಗ ಕೊಟ್ಟ, ಅಲ್ಲಿನ ಸಂತ ಅನ್ನಮ್ಮ ಚರ್ಚ್ ಶುರುವಾದದ್ದು 1792ರಲ್ಲಿ. ಮಂಗಳೂರಿಗೆ ವಾಪಸ್ ಬಂದವರು ಕಂಡದ್ದು ಬರೀ ನೆಲ. ಮನೆಯನ್ನೂ ಕಟ್ಟಬೇಕು, ಇಗರ್ಜಿಯನ್ನೂ ಕಟ್ಟಬೇಕು.


ನೇರ_ಮಾತು, ವಿಜಯಪುರ

ಸರಿ ಮಾಸ್ತರ್ರೇ. ಶೃಂಗೇರಿ ವಿಷಯಕ್ಕೆ ಇನ್ನೊಂದು ದಿನ ಜಗಳ ಆಡೋಣ.


ಖಾನಾಪುರದ_ಅಕ್ಕ

ನಾನೂ ಎರಡು ಮಾತು ಸೇರಿಸುತ್ತೇನೆ, ಯಾಕೆಂದರೆ ಎಲ್ಲರೂ ರಾಜರು, ಕೋಟೆ, ಮುತ್ತಿಗೆ ಅಂತ ಮಾತಾಡಿದಿರಿ, ಚರ್ಚಿನ ಒಳಗಿನ ಜಗಳ ಯಾರೂ ಹೇಳಲಿಲ್ಲ. ನಮ್ಮ ಮನೆಮಾತು ಕೊಂಕಣಿ, ನಮ್ಮ ಅಜ್ಜಿ ಗೋವಾದ ಗಡಿಯಿಂದ ಇತ್ತ ಮದುವೆಯಾಗಿ ಬಂದವಳು. ನಮ್ಮ ಬೆಳಗಾವಿ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪರ ಕೆಳಗಿನ ಸೀಮೆ, ಆದದ್ದು 1953ರಲ್ಲಿ. ಅದಕ್ಕೂ ಮೊದಲು ಈ ಕಡೆಯ ಇಗರ್ಜಿಗಳಿಗೆ ಗೋವಾದ ಆರ್ಚ್‌ಬಿಷಪರೇ ದೊಡ್ಡವರು. ಮಂಗಳೂರು ಕೂಡ ಒಂದು ಕಾಲಕ್ಕೆ ಹಾಗೇ ಇತ್ತು, ಆದರೆ ಅವರು ಅದರಿಂದ ಬಿಡಿಸಿಕೊಳ್ಳೋಕೆ ಬಹಳ ಒದ್ದಾಡಿದರು.

ವಿಷಯ ಇಷ್ಟು. ಈ ಕಡೆಯ ಚರ್ಚುಗಳಿಗೆ ಪಾದ್ರಿ ಯಾರು, ಬಿಷಪ್ ಯಾರು ಅಂತ ಹೇಳುವ ಹಕ್ಕನ್ನು ಪೋಪರು ಬಹಳ ಹಿಂದೆಯೇ ಪೋರ್ಚುಗಲ್ ರಾಜನಿಗೆ ಕೊಟ್ಟಿದ್ದರು. ಪಾದ್ರೊವಾದೊ ಅಂತ ಅದಕ್ಕೆ. ಆಮೇಲೆ ರೋಮಿನವರಿಗೇ ಇದು ತಪ್ಪಾಯಿತು ಅನಿಸಿತು. 1622ರಲ್ಲಿ ಪ್ರೊಪಗಾಂಡಾ ಅಂತ ತಮ್ಮದೇ ಒಂದು ಮಂಡಳಿ ಮಾಡಿ ನೇರವಾಗಿ ಜನ ಕಳಿಸಲು ಶುರು ಮಾಡಿದರು. ಒಂದೇ ಮನೆಗೆ ಇಬ್ಬರು ಅತ್ತೆಯರು ಬಂದ ಹಾಗೆ. ಹಾಗೆ ರೋಮಿನಿಂದ ಕೆನರಾಕ್ಕೆ ನೇಮಕವಾದವರು ಬಿಷಪ್ ತೋಮಾಸ್ ದೆ ಕಾಸ್ತ್ರೊ. ಅವರೇನು ಬಿಳಿಯರಲ್ಲ, ಗೋವಾದ ದಿವಾಡಿ ದ್ವೀಪದವರೇ, ನಮ್ಮವರೇ. ಆದರೂ ಗೋವಾದ ಆರ್ಚ್‌ಬಿಷಪರು ಇವರನ್ನು ಒಪ್ಪಲಿಲ್ಲ. ರೊಸಾರಿಯೊ ಪಾದ್ರೊವಾದೊ ಕಡೆ. ಹಾಗಾದರೆ ಇವರು ಪೂಜೆ ಮಾಡೋದೆಲ್ಲಿ? ಕೆಳದಿಯ ರಾಣಿ ಚೆನ್ನಮ್ಮ ಜಾಗ ಕೊಟ್ಟಳು, 1680ರಲ್ಲಿ ಮಿಲಾಗ್ರಿಸ್ ಆಯಿತು. ಬಿಷಪರು 1684ರಲ್ಲಿ ತೀರಿಕೊಂಡರು, ಮಿಲಾರಿನ ನೆಲದಲ್ಲೇ ಅವರ ಸಮಾಧಿ ಇದೆ.

ಇದು ನಮ್ಮ ಕಿತ್ತೂರು ಚೆನ್ನಮ್ಮ ಅಲ್ಲ, ಮತ್ತೆ! ಪ್ರತಿ ಸಲ ಹೇಳಬೇಕಾಗುತ್ತದೆ. ಕಿತ್ತೂರು ಚೆನ್ನಮ್ಮ ಇಂಗ್ಲಿಷರ ಜೊತೆ ಕಾದದ್ದು 1824ರಲ್ಲಿ, ಇವಳು ಅದಕ್ಕೂ ನೂರೈವತ್ತು ವರ್ಷ ಹಿಂದಿನವಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನನ್ನು ಎದುರು ಹಾಕಿಕೊಂಡವಳೂ ಇವಳೇ. ಲಿಂಗಾಯತ ರಾಣಿಯೊಬ್ಬಳು ಕೊಂಕಣಿ ಬಿಷಪರಿಗೆ ಚರ್ಚ್ ಕಟ್ಟೋಕೆ ಜಾಗ ಕೊಟ್ಟಳು, ಅದೂ ಪೋರ್ಚುಗೀಸರ ಕಡೆಯ ಚರ್ಚ್ ಅದೇ ಊರಲ್ಲಿ ಇರುವಾಗ. ಇದರಲ್ಲಿ ದಾನ ಎಷ್ಟು, ರಾಜಕೀಯ ಎಷ್ಟು ಅಂತ ಮಾಸ್ತರರು ಅಳೆಯಲಿ. ನನಗಂತೂ ಎರಡೂ ಇದೆ ಅನಿಸುತ್ತದೆ, ಮತ್ತು ಅವಳು ಜಾಣೆ ಅನಿಸುತ್ತದೆ.

ಈ ಜಗಳ 19ನೇ ಶತಮಾನದವರೆಗೂ ಎಳೆಯಿತು. 1853ರಲ್ಲಿ ಮಂಗಳೂರಿಗೆ ರೋಮಿನ ಕೆಳಗೆ ಬೇರೆಯೇ ಆಡಳಿತ ಆಯಿತು, ಕಾರ್ಮೆಲ್ ಸಭೆಯ ಸನ್ಯಾಸಿಗಳು ನೋಡಿಕೊಳ್ಳುತ್ತಿದ್ದರು. ಊರಿನವರು ನಮ್ಮ ಮಕ್ಕಳಿಗೆ ಒಳ್ಳೆ ಕಾಲೇಜು ಬೇಕು ಅಂತ ರೋಮಿಗೆ ಬರೆದೂ ಬರೆದೂ, 1878ರ ಡಿಸೆಂಬರ್ ಕೊನೆಯ ದಿನ ಜೆಸ್ವಿಟ್ ಪಾದ್ರಿಗಳು ಬಂದಿಳಿದರು. ಕೇವಲ ಒಂದು ವರ್ಷಕ್ಕೆ, 1880ರ ಜನವರಿಯಲ್ಲಿ, ಅಲೋಶಿಯಸ್ ಕಾಲೇಜು ತೆರೆಯಿತು. ಅವರ ಜೊತೆಗೇ ಬಂದವರು ಫಾದರ್ ಮುಲ್ಲರ್, ಹೋಮಿಯೋಪತಿ ಔಷಧಿ ಡಬ್ಬಿ ಹಿಡಿದುಕೊಂಡು. ಇವತ್ತು ಕಂಕನಾಡಿಯಲ್ಲಿರುವ ದೊಡ್ಡ ಆಸ್ಪತ್ರೆ ಅವರ ಹೆಸರಿನದೇ. 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯ ಆಯಿತು, ಪಗಾನಿ ಅನ್ನುವವರು ಮೊದಲ ಬಿಷಪ್, ರೊಸಾರಿಯೊ ಅವರ ಕಥೀಡ್ರಲ್. ಕಥೀಡ್ರಲ್ ಅಂದರೆ ಬಿಷಪರ ಪೀಠ ಇರುವ ಚರ್ಚ್, ದೊಡ್ಡ ಚರ್ಚ್ ಅಂತ ಅರ್ಥ ಅಲ್ಲ. ಆ ಗುಮ್ಮಟ ಎದ್ದದ್ದು ಅದಾದ ಮೇಲೆ. ಬಿಷಪರ ಚರ್ಚ್ ಅಂದ ಮೇಲೆ ಊರಿಗೆಲ್ಲ ಕಾಣಬೇಕಲ್ವಾ.


ಬಾದಾಮಿ_ಕಲ್ಲು, ಬಾಗಲಕೋಟೆ

ನಾನು ಸಿವಿಲ್ ಕೆಲಸದವನು, ಇತಿಹಾಸ ನನ್ನ ಲೈನ್ ಅಲ್ಲ. ಆದರೆ ಕುಂದಾ ಪ್ರಿಯರು "450 ವರ್ಷದ ಗೋಡೆ ಅಲ್ಲವೇ ಅಲ್ಲ" ಅಂದದ್ದಕ್ಕೆ ಒಂದು ಮಾತು. ಟಿಪ್ಪು ಬರದೇ ಇದ್ದಿದ್ದರೂ 1568ರ ಗೋಡೆ ಹಾಗೇ ಉಳಿಯುವುದು ಅಲ್ಲಿ ಸುಲಭ ಇರಲಿಲ್ಲ. ನಮ್ಮ ಬಾದಾಮಿಯಲ್ಲಿ 6ನೇ ಶತಮಾನದ ಗುಹೆ ಇವತ್ತಿಗೂ ಹೊಸ ಉಳಿ ಏಟಿನ ಹಾಗೆ ಕಾಣುತ್ತದೆ. ಬೆಟ್ಟದ ಮರಳುಗಲ್ಲನ್ನೇ ಕೊರೆದದ್ದು, ಮೇಲೆ ಮಳೆಯೂ ಕಮ್ಮಿ. ವಿಜಯಪುರದ ಗುಮ್ಮಟಕ್ಕೆ ಕರಿಗಲ್ಲು, ಗಚ್ಚು, ಅಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಂದರೆ ಹೆಚ್ಚು. ಮಂಗಳೂರಲ್ಲಿ 3,500 ದಾಟುತ್ತದೆ, ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಪಾಲು ನಾಲ್ಕು ತಿಂಗಳಲ್ಲಿ. ಜೊತೆಗೆ ಸಮುದ್ರದ ಉಪ್ಪು ಗಾಳಿ.

ಅಲ್ಲಿ ಸಿಗುವ ಕಲ್ಲು ಅಂದರೆ ಮುರಕಲ್ಲು, ಕೆಂಪು ಕಲ್ಲು ಅಂತಲೂ ಅನ್ನುತ್ತಾರೆ, ನಮ್ಮ ಬೆಳಗಾವಿ, ಖಾನಾಪುರ ಕಡೆಯ ಜಂಬಿಟ್ಟಿಗೆ ಕಲ್ಲೇ ಅದು. ನೆಲದಿಂದ ತೆಗೆಯುವಾಗ ಕೊಡಲಿಯಲ್ಲಿ ಕಡಿಯುವಷ್ಟು ಮೆತ್ತಗೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿ. ಕೆಲಸಕ್ಕೆ ಬಹಳ ಸಲೀಸು. ಆದರೆ ತೂತು ತೂತು, ನೀರು ಕುಡಿಯುತ್ತದೆ. ಮೇಲೆ ಸುಣ್ಣದ ಗಾರೆ ಹಾಕಿ ವರ್ಷ ವರ್ಷ ಸುಣ್ಣ ಬಳಿದು ಕಾಪಾಡಿದರೆ ನೂರಾರು ವರ್ಷ ನಿಲ್ಲುತ್ತದೆ. ಹದಿನೈದು ವರ್ಷ ಮಾಡು ಇಲ್ಲದೆ, ನೋಡುವವರಿಲ್ಲದೆ ಬಿಟ್ಟರೆ, 1784ರಿಂದ 1799ರವರೆಗೆ ಆದ ಹಾಗೆ, ಕೆಡವದೆ ಉಳಿಸಿದ್ದ ಗೋಡೆಯೂ ಬಾಯಿ ಬಿಟ್ಟಿರುತ್ತದೆ. ಇನ್ನು ಆ ಕಡೆಯ ಹಳೇ ಮಾಡುಗಳ ಮಂಗಳೂರು ಹೆಂಚು ಕೂಡ 1865ರಲ್ಲಿ ಬಾಸೆಲ್ ಮಿಶನ್‌ನವರು ಕಾರ್ಖಾನೆ ಹಾಕಿದ ಮೇಲಿನದು. ಅವರು ಪ್ರೊಟೆಸ್ಟಂಟರು, ಆದರೆ ಮಳೆಗೆ ಯಾವ ಸಭೆಯಾದರೇನು, ಎಲ್ಲರೂ ಅವರ ಹೆಂಚನ್ನೇ ಹೊದಿಸಿದರು.

ಆ ಮಳೆಯ ಊರಲ್ಲಿ ಹೆಂಚಿನ ಇಳಿಜಾರು ಮಾಡು ಬಿಟ್ಟು ಗುಮ್ಮಟ ಕಟ್ಟಿದರಲ್ಲ, ನನಗೆ ಅದೇ ಧೈರ್ಯದ ಕೆಲಸ ಅನಿಸುತ್ತದೆ. ಸೋರಿದರೆ ಹೆಂಚು ಬದಲಿಸಬಹುದು, ಗುಮ್ಮಟ ಸೋರಿದರೆ ಎಲ್ಲಿ ಅಂತ ಹುಡುಕೋದು?


ಗುಮ್ಮಟದೂರ_ಮಾಸ್ತರ, ವಿಜಯಪುರ

ಗುಮ್ಮಟ ಸೋರುವ ಕಷ್ಟ ನಮ್ಮೂರಿನವರಿಗೆ ಹೇಳಬೇಡಿ, ಇಂಜಿನಿಯರ್ ಸಾಹೇಬ್ರೇ.

ಒಂದು ಮರೆತಿದ್ದೆ. ಹಳೇ ಕಟ್ಟಡ ಹೋಗಿದೆ, ಆದರೆ ಅದನ್ನು ಕಣ್ಣಾರೆ ಕಂಡು ಬರೆದವರಿದ್ದಾರೆ. ಪಿಯೆತ್ರೊ ದೆಲ್ಲಾ ವಾಲ್ಲೆ ಅಂತ ಇಟಲಿಯ ಪ್ರವಾಸಿ 1623ರಲ್ಲಿ ಮಂಗಳೂರಿಗೆ ಬಂದಿದ್ದ. ಊರಲ್ಲಿ ಮೂರು ಚರ್ಚ್ ಇವೆ ಅಂತ ಬರೆದಿದ್ದಾನೆ. ರೊಸಾರಿಯೊ ಮಾತೆಯದು ಕೋಟೆಯ ಒಳಗೆ, ಇನ್ನೊಂದು ಮಿಸೆರಿಕೊರ್ದಿಯಾ, ಮತ್ತೊಂದು ಸಂತ ಫ್ರಾನ್ಸಿಸರದು ಕೋಟೆಯ ಹೊರಗೆ. ಅದೇ ಪ್ರವಾಸದಲ್ಲಿ ಅವನು ಉಳ್ಳಾಲದ ರಾಣಿಯನ್ನೂ ನೋಡಿದ. ಅವಳು ಬರಿಗಾಲಲ್ಲಿ ನಡೆದು ನೀರಿನ ಕಾಲುವೆ ಕೆಲಸ ನೋಡಿ ಬರುತ್ತಿದ್ದಳಂತೆ. ಪೋರ್ಚುಗೀಸರ ಬಗ್ಗೆ ಬರೆದದ್ದಕ್ಕಿಂತ ಅವಳ ಬಗ್ಗೆ ಬರೆದದ್ದೇ ಓದೋಕೆ ಚೆನ್ನಾಗಿದೆ.


ಕುಂದಾ_ಪ್ರಿಯ, ಬೆಳಗಾವಿ

ನಾನು ಒಂದು ಬೋರ್ಡ್ ಬಗ್ಗೆ ಕೇಳಿದ್ದು, ನೀವು ಅಸದ್ ಖಾನನವರೆಗೂ ಕರೆದುಕೊಂಡು ಹೋದಿರಿ. ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸಂಜೆ ಕ್ಯಾಂಪಿನ ದರ್ಗಾ ಮುಂದೆ ಸ್ಕೂಟರ್ ನಿಲ್ಲಿಸಿ ಐದು ನಿಮಿಷ ಸುಮ್ನೆ ನೋಡಿದೆ. ಹದಿನೈದು ವರ್ಷದಿಂದ ಅದೇ ದಾರಿಯಲ್ಲಿ ಆಫೀಸಿಗೆ ಹೋಗುತ್ತಿದ್ದೇನೆ.

ಅವ್ವನಿಗೆ ಇದೆಲ್ಲ ಓದಿ ಹೇಳಿದೆ. ತಾಳಿಕೋಟೆ, ಆದಿಲಶಾಹಿ ಎಲ್ಲಾ ಕೇಳಿಸಿಕೊಂಡಳು, ಅಷ್ಟೇನೂ ಮುಖ ಅರಳಲಿಲ್ಲ. ಚೆನ್ನಮ್ಮ ಜಾಗ ಕೊಟ್ಟಳು ಅಂದಾಗ ಮಾತ್ರ ಎದ್ದು ಕೂತಳು. "ಹಂಗಾದ್ರ ಆ ಇನ್ನೊಂದು ಗುಡಿ ಯಾಕ ತೋರಿಸಲಿಲ್ಲ?" ಅಂತ ನನ್ನ ಮೇಲೇ ಬಂದಳು. ದೀಪಾವಳಿ ರಜೆಗೆ ಹುಡುಗನನ್ನು ಕರೆತರಲು ಮತ್ತೆ ಹೋಗಬೇಕು. ಮಿಲಾಗ್ರಿಸ್‌ಗೆ ಯಾವ ಹೊತ್ತಿಗೆ ಹೋದರೆ ಒಳಗೆ ಬಿಡುತ್ತಾರೆ, ಪೂಜೆಗೆ ಅಡ್ಡ ಆಗಬಾರದು ಅಷ್ಟೇ.


ಬೋಳಾರದ_ಅಳಿಯ, ಬೆಳಗಾವಿ ಕ್ಯಾಂಪ್

ಭಾನುವಾರ ಬೆಳಿಗ್ಗೆ ಬಿಡಿ, ಒಂದರ ಹಿಂದೆ ಒಂದು ಪೂಜೆ ಇರುತ್ತದೆ, ಗದ್ದಲ. ವಾರದ ದಿನ ಬೆಳಿಗ್ಗೆ ಒಂಬತ್ತರ ಮೇಲೆ ಹೋಗಿ, ಬಾಗಿಲಲ್ಲಿ ಯಾರಾದರೂ ಇದ್ದರೆ ಒಂದು ಮಾತು ಕೇಳಿ, ಬೇಡ ಅನ್ನುವುದಿಲ್ಲ. ಚಪ್ಪಲಿ ಬಿಡಬೇಕೇನು ಅಂತ ಅಮ್ಮ ಕೇಳುತ್ತಾರೆ, ಬೇಕಿಲ್ಲ ಅಂತ ಮೊದಲೇ ಹೇಳಿಡಿ. ಮಲ್ಲಿಗೆಯನ್ನು ಹಂಪನಕಟ್ಟೆಯಲ್ಲಿ ಕೊಳ್ಳಬೇಡಿ, ರೇಟು ಜಾಸ್ತಿ. ಮಾರ್ಕೆಟ್ ಒಳಗೆ ಹೋಗಿ ತಗೊಳ್ಳಿ. ಮತ್ತೆ ಬರುವಾಗ ನಮ್ಮ ಮಾವನ ಮನೆಗೆ ಒಂದು ಡಬ್ಬಿ ಕುಂದಾ ಕೊಟ್ಟು ಬರುತ್ತೀರಾ? ವಿಳಾಸ ಬೇರೆ ಕಳಿಸುತ್ತೇನೆ.